ಮೋಟರ್ ಆರುವ ಹೊತ್ತು

ಅತ್ತೆಯ ಒಳಬಟ್ಟೆಯಲ್ಲಿ ರಕ್ತದ ಕಲೆ ಕಂಡ ದಿನದಿಂದ ಸೊಸೆಗೆ ಊಟ ಸೇರಿರಲಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷವಾದವರಿಗೆ ರಕ್ತ ಹೋಗುತ್ತಿದೆಯೆಂದರೆ ಅದು ಕ್ಯಾನ್ಸರೇ ಇರಬೇಕು ಎಂದು ಅವಳು ಹೆದರಿದ್ದಳು. ಬರುವುದಿಲ್ಲ ಎಂದ ಅತ್ತೆಯನ್ನು ಹಟ ಹಿಡಿದು ಆಸ್ಪತ್ರೆಗೆ ಎಳೆದು ತಂದಿದ್ದಳು.

ಅವಳದ್ದೊಂದು ಅಭ್ಯಾಸ. ಅತ್ತೆಯನ್ನು ಯಾರು ಏನು ಕೇಳಿದರೂ ಉತ್ತರ ಇವಳದ್ದೇ. ಪ್ರೀತಿಗೇನೂ ಕೊರತೆಯಿಲ್ಲ, ಮಾತನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟವಳಲ್ಲ. ಇಲ್ಲಿಯೂ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಪಟಪಟನೆ ಹೇಳಿದಳು. ಹಸಿವಿದೆ, ನಿದ್ದೆಯಿದೆ, ಸಕ್ಕರೆ ಕಾಯಿಲೆ ಇಲ್ಲ.

"ಗಂಡನ ಜೊತೆ ಕೂಡೋದು ಇದೆಯಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. "ಏನ್ ಡಾಕ್ಟ್ರೇ ನೀವು, ಅರವತ್ತೈದು ದಾಟ್ತು ಇವರಿಗೆ. ಇವರು ಮೊಮ್ಮಕ್ಕಳ ಜೊತೆ ಮಲಗ್ತಾರೆ, ಮಾವ ಹಜಾರದಲ್ಲಿ. ಅದೆಲ್ಲ ಯಾವ ಕಾಲದ ಮಾತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಅಮ್ಮನ್ನ ಕೇಳಿದ್ದು."

ಅತ್ತೆ ಕೈಚೀಲದ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ತಲೆ ಎತ್ತದೆ, "ಇದೆ" ಎಂದರು.

ಸೊಸೆಗೆ ಸಿಡಿಲು ಬಡಿದಂತಾಯಿತು. "ಎಲ್ಲಿ?" ಎಂದು ಬಾಯಿಂದ ಬಂದೇಬಿಟ್ಟಿತು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಗಿರಣೀಲಿ."

ಮಾವನ ಹಿಟ್ಟಿನ ಗಿರಣಿ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಿತ್ತು. ಮೋಟರ್ ಕಾದಿರುತ್ತೆ, ಆರಬೇಕು ಎಂದು ಮಾವ ಹೇಳಿದ್ದನ್ನು ಊರಿಗೆ ಊರೇ ನಂಬಿತ್ತು. ಗೋಧಿ ತಂದವರು ಪಾಪ, ಮರದ ಕೆಳಗೆ ಕಾಯುತ್ತಿದ್ದರು. ಊಟದ ಡಬ್ಬಿ ಕಟ್ಟಿ ಅತ್ತೆಯ ಕೈಗೆ ಕೊಟ್ಟು ಕಳಿಸುತ್ತಿದ್ದವಳು ಇದೇ ಸೊಸೆ. ಬಿಸಿಲಲ್ಲಿ ನೀವ್ಯಾಕೆ ಹೋಗ್ತೀರಿ ಎಂದು ಗೊಣಗುತ್ತಿದ್ದವಳೂ ಇವಳೇ. ಅದಕ್ಕೂ ಮೊದಲು, ಚೊಚ್ಚಲ ಮಗು ಹುಟ್ಟಿದಾಗ, ಯಾರನ್ನೂ ಕೇಳದೆ ಅತ್ತೆಯ ಹಾಸಿಗೆಯನ್ನು ಮಗುವಿನ ಕೋಣೆಗೆ ಎಳೆದು ಹಾಕಿದವಳು ಯಾರು? ಅದು ನೆನಪಾಗಿ ಅವಳು ತಲೆ ತಗ್ಗಿಸಿದಳು.

ಡಾಕ್ಟರಮ್ಮ ಅತ್ತೆಯನ್ನು ಪರದೆಯ ಹಿಂದೆ ಕರೆದೊಯ್ದು ಪರೀಕ್ಷೆ ಮಾಡಿ ಬಂದರು. "ಗೆಡ್ಡೆ ಗಿಡ್ಡೆ ಏನೂ ಕಾಣ್ತಿಲ್ಲ. ಆದ್ರೂ ಸ್ಕ್ಯಾನ್ ಒಂದು ಆಗಲೇಬೇಕು. ಮುಟ್ಟು ನಿಂತ ಮೇಲೆ ಒಳಗಡೆ ಒಣಗುತ್ತೆ, ಚರ್ಮ ತೆಳ್ಳಗಾಗುತ್ತೆ. ಕೂಡಿದಾಗ ಅಲ್ಲಿ ಸೀಳಿದೆ, ಗಾಯ ಕಾಣ್ತಿದೆ. ಹಚ್ಚೋಕೆ ಮುಲಾಮು ಕೊಡ್ತೀನಿ. ವಾಸಿಯಾಗೋವರೆಗೆ ಬೇಡ, ಆಮೇಲೆ ಧಾರಾಳವಾಗಿ."

ಧಾರಾಳವಾಗಿ ಎಂಬ ಮಾತಿಗೆ ಸೊಸೆ ಇನ್ನೊಮ್ಮೆ ಬೆಚ್ಚಿದಳು.

ಹೊರಗಿನ ಬೆಂಚಿನ ಮೇಲೆ ಕೂತಾಗ ಅವಳಿಗೆ ನಾಚಿಕೆ, ಸಮಾಧಾನ, ಸಿಟ್ಟು ಎಲ್ಲ ಒಟ್ಟಿಗೇ ಬಂದವು. ಬಾಯಿಗೆ ಬಂದದ್ದು ಸಿಟ್ಟು.

"ಎಷ್ಟು ದಿನದಿಂದ ನೋವು ಅತ್ತೆ?"

"ವರ್ಷ ಆಗಿರಬಹುದು."

"ವರ್ಷದಿಂದ ಹಲ್ಲು ಕಚ್ಚಿಕೊಂಡಿದ್ರಾ? ನನಗೆ ಬೇಡ, ಮಾವನಿಗಾದ್ರೂ ಹೇಳಬಾರದಿತ್ತಾ?"

ಅತ್ತೆ ಮುಲಾಮಿನ ಟ್ಯೂಬನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಕಣ್ಣು ತುಂಬಿತ್ತು.

"ಅವರ ಸ್ವಭಾವ ನಿಂಗೆ ಗೊತ್ತಲ್ಲಮ್ಮ. ನೋವಾಗುತ್ತೆ ಅಂದಿದ್ರೆ ಆವತ್ತಿಂದ ನನ್ನ ಮುಟ್ಟೋದೇ ಬಿಟ್ಬಿಡ್ತಿದ್ರು."