ಬಾವುಟಗಾರನಿಗೆ ಒಂದು ಲೋಟ ಹಾಲು

ಚಿನಾಂದೇಗ ಸೀಮೆಯ ಹತ್ತಿ ಹೊಲಕ್ಕೆ ಹುಳದ ಔಷಧಿ ಸುರಿಯುವ ವಿಮಾನ ಬರುವ ಮುಂಚೆ ಬಾವುಟಗಾರರಿಗೆ ಒಂದೊಂದು ಲೋಟ ಹಾಲು ಕೊಡುವುದು ಪದ್ಧತಿ. ಹಾಲು ಕುಡಿದವನಿಗೆ ವಿಷ ಏರುವುದಿಲ್ಲವಂತೆ! ಯಾವ ಮಹಾನುಭಾವ ಕಂಡುಹಿಡಿದನೋ. ಹಾಲು ಕಾಯಿಸುವವಳು ಅಡುಗೆಯ ತೊಮಾಸಾ. ಅದನ್ನು ಕುಡಿದು, ಬಿಳಿ ಬಟ್ಟೆ ಕಟ್ಟಿದ ಕೋಲು ಹಿಡಿದು ಸಾಲಿನ ತುದಿಗೆ ನಿಲ್ಲುವವನು ಅವಳ ಗಂಡ ನಿಕಾನೋರ್. ಆ ಬಟ್ಟೆ ಕಂಡರಷ್ಟೇ ಪೈಲಟ್ಟಿಗೆ ದಾರಿ. ಹೋದ ಸಲ ತಲೆ ಮೇಲೆ ಸುರಿಸಿಕೊಂಡು ಬಂದವನ ಕಣ್ಣಪಾಪೆ ಸಾಸಿವೆಯಷ್ಟಾಗಿತ್ತು, ಜೊಲ್ಲು ನಿಂತಿರಲಿಲ್ಲ. ಇನ್ನೊಂದು ಸಲ ನಿಂತರೆ ಮನೆಗೆ ಬರುವುದು ಹೆಣವೇ ಎಂದು ತೊಮಾಸಾಳಿಗೆ ಖಾತ್ರಿಯಾಗಿತ್ತು.

ಆ ಬೆಳಿಗ್ಗೆ ಔಷಧಿ ಮಾರುವ ಫೋಲ್ಮರ್ ಎಂಬ ಜರ್ಮನಿಯವನೇ ಬಂದು, ಯಜಮಾನ ದೋನ್ ಗ್ರೆಗೋರಿಯೋನ ಜಗಲಿಯಲ್ಲಿ ಕೂತು ಹುರುಳಿಕಾಯಿ ಬೀಜದ ಅನ್ನ ಬಾರಿಸುತ್ತ ಜಂಬ ಕೊಚ್ಚತೊಡಗಿದ.

"ಈ ಔಷಧಿಯ ವಂಶ ದೊಡ್ಡದು, ದೋನ್ ಗ್ರೆಗೋರಿಯೋ! ನಮ್ಮೋರು ಹುಳ ಕೊಲ್ಲೋಕೆ ಹೊರಟು, ಮನುಷ್ಯರನ್ನೇ ಕೊಲ್ಲೋದನ್ನ ಕಂಡುಹಿಡಿದ್ರು. ಸೈನ್ಯದೋರು ಓಡಿಬಂದು ಎತ್ಕೊಂಡು ಹೋದ್ರು. ಮುಟ್ಟೋರೆಲ್ಲ ಮುಖವಾಡ ಹಾಕ್ಕೊಂಡೇ ಮುಟ್ಟಬೇಕಿತ್ತು. ಯುದ್ಧ ಮುಗೀತು ನೋಡಿ, ಅದರ ತಮ್ಮನ್ನ ಪಳಗಿಸಿ ನಿಮ್ಮ ಹತ್ತಿಗೆ ತಂದಿದೀವಿ."

ಕಾಫಿ ಬಗ್ಗಿಸುತ್ತಿದ್ದ ತೊಮಾಸಾ ಕೈ ತಡೆದಳು. "ಅಣ್ಣ ಕೊಲೆಗಾರ, ತಮ್ಮ ಸಂತ. ಒಳ್ಳೆ ಮನೆತನ!"

"ಒಳಗೆ ಹೋಗೇ," ಎಂದ ಯಜಮಾನ.

"ಹೋಗ್ತೀನಿ ಯಜಮಾನ್ರೇ. ಅವರಿಗೆ ಮುಖವಾಡ, ನಮ್ಮೋರಿಗೆ ಯಾಕೆ ಬರೀ ಹಾಲು, ಅಷ್ಟು ಹೇಳಿಬಿಡ್ಲಿ ಸಾಹೇಬ್ರು."

ಫೋಲ್ಮರ್ ನಕ್ಕ. "ಪಳಗಿಸಿದ್ದು ಕಣಮ್ಮಾ. ಹಾಲು ಧಾರಾಳ ಆಯ್ತು. ಎಳೆಮಗು ಕೂಡ ನಿಲ್ಲಬಹುದು."

"ಹಂಗಾದ್ರೆ ಮಗೂಗಿಂತ ನೀವು ಗಟ್ಟಿಯಾಗೇ ಇದೀರಿ." ಲೋಟವನ್ನೂ ಗಂಡನ ಕೋಲನ್ನೂ ಅವನ ಮುಂದೆ ಹಿಡಿದಳು. "ಕುಡೀರಿ. ಇವತ್ತು ನನ್ನ ಗಂಡನ ಜಾಗದಲ್ಲಿ ನಿಂತು ತೋರ್ಸಿ."

ಅಂಗಳದಲ್ಲಿದ್ದ ಬಾವುಟಗಾರರೆಲ್ಲ ಹೋ ಎಂದರು. ಔಷಧಿ ಕೊಳ್ಳುವ ಯಜಮಾನನ ಎದುರು ಒಲ್ಲೆನೆನ್ನಲು ಬಾಯಿ ಬಾರದೆ, ಫೋಲ್ಮರ್ ಹಾಲು ಗುಟುಕರಿಸಿ, ಕೋಲು ಹೊತ್ತು ಹೊಲಕ್ಕಿಳಿದ. ನಿಂತ ಭಂಗಿ ನೋಡಬೇಕು, ಊರು ಗೆದ್ದ ಸೇನಾಪತಿ!

ವಿಮಾನದ ಸದ್ದು ಕೇಳಿದ್ದೇ ತಡ, ಸೇನಾಪತಿ ಕೋಲು ಬಿಸಾಡಿ, ಟೋಪಿ ಬಿದ್ದರೂ ತಿರುಗಿ ನೋಡದೆ ಓಡಿ, ಕಾರು ಹೊಕ್ಕು ಕಿಟಕಿ ಏರಿಸಿಕೊಂಡ. ಅದನ್ನು ಕಂಡು, ತಂತಮ್ಮ ಸಾಲಿನ ತುದಿಗೆ ಹೋಗಿ ನಿಂತಿದ್ದ ಉಳಿದ ಬಾವುಟಗಾರರೂ ಒಬ್ಬೊಬ್ಬರಾಗಿ ಕೋಲು ನೆಲಕ್ಕಿಟ್ಟರು. ದಾರಿ ಕಾಣದ ಪೈಲಟ್ ಹೊಲ ಸುತ್ತಿ ಸುತ್ತಿ ವಾಪಸು ಹೋದ.

"ನಿಕಾನೋರ್! ಎತ್ತೋ ಕೋಲು!" ಯಜಮಾನ ಕೂಗಾಡಿದ.

ನಿಕಾನೋರ್ ಹೆಂಡತಿಯ ಮುಖ ನೋಡಿದ. ಮೊದಲ ಸಲ ಯಜಮಾನನಿಗೆ ಎದುರಾಡಿದ.

"ಎತ್ತೋಣ ಯಜಮಾನ್ರೇ. ಮೊದ್ಲು ಸಾಹೇಬ್ರು ಕಿಟಕಿ ಇಳಿಸ್ಲಿ."

ಎಲ್ಲರೂ ಕಾರಿನತ್ತ ತಿರುಗಿದರು. ಗಾಜಿನೊಳಗೆ ಫೋಲ್ಮರ್ ಬೆವರುತ್ತಿದ್ದ. ಕಿಟಕಿ ಇಳಿಯಲಿಲ್ಲ.