ಅಮೃತಶಿಲೆಯ ಮೇಲೆ ಮಗ್ಗ

ಬನಹಟ್ಟಿಯ ಬಟ್ಟೆ ವ್ಯಾಪಾರಿ ಗಿರಿಮಲ್ಲಪ್ಪನ ಸೊಸೆ ಶೈಲಾ, ಹೊಸ ಬಂಗಲೆಯನ್ನು ಹಳೆಯದಾಗಿ ಕಾಣಿಸಲು ಒಂದು ವರ್ಷ ಒದ್ದಾಡಿದಳು. ಹಳೆಯ ಮನೆಯಲ್ಲಿದ್ದಾಗ ಹೊಸದು ಬೇಕೆಂದು ಹಟ ಹಿಡಿದವಳೂ ಅವಳೇ, ಇರಲಿ. ಜಮಖಂಡಿಯ ಯಾವುದೋ ವಾಡೆಯ ಕೆತ್ತನೆ ಕಂಬ, ಚಿನ್ನದ ಬಣ್ಣದ ಚೌಕಟ್ಟಿನ ಆಳೆತ್ತರದ ಕನ್ನಡಿ, ಕೆಂಪು ಮಖಮಲ್ಲಿನ ಸೋಫಾ, ಹಾಡದ ಗ್ರಾಮಫೋನು, ತಂತಿ ಕಿತ್ತ ಡಯಲ್ ಫೋನು, ಮೇಲೆ ತೂಗುವ ಗಾಜಿನ ದೀಪಗಳ ಝೂಮರು. ಇದಕ್ಕೆಲ್ಲ ವಿಂಟೇಜ್ ಎನ್ನಬೇಕಂತೆ. ಇಷ್ಟಾದರೂ ಪಡಸಾಲೆಯ ನಟ್ಟನಡುವೆ ಏನೋ ಕೊರತೆ ಕಂಡು, ಅವಳು ರಬಕವಿಯ ನೇಕಾರ ವಿಠೋಬಾನ ಮನೆಗೆ ಬಂದಳು.

ವಿಠೋಬಾನಿಗೆ ಅರವತ್ತಾರು. ಅವನ ಕುಣಿಮಗ್ಗ ಎಂಟು ತಿಂಗಳಿಂದ ಸುಮ್ಮನಿತ್ತು. ನೂಲು ಕೊಡುತ್ತಿದ್ದ ಸಂಘ ಬಾಗಿಲು ಹಾಕಿತ್ತು. ಓಣಿಯ ತುಂಬ ಪವರ್‌ಲೂಮಿನ ಸದ್ದು, ಇವನೊಬ್ಬ ಮಾತ್ರ ಕೈ ಕಟ್ಟಿಕೊಂಡು ಕಟ್ಟೆಯ ಮೇಲೆ. ಕಣ್ಣು ಕಾಣುವಷ್ಟು ದಿನ ನೇಯಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ.

"ಕಾಕಾ, ನಿಮ್ಮ ಮಗ್ಗ ನಮ್ಮ ಹಾಲ್‌ನ್ಯಾಗ ಇಡೂಣು. ರೇಷ್ಮಿ ನಾ ಕೊಡ್ತೀನಿ. ನೀವು ಬಂದು ಕುಂದರ್ರಿ, ಮಂದಿ ನೋಡ್ಲಿ," ಅಂದಳು ಶೈಲಾ.

"ರೊಕ್ಕ ಬ್ಯಾಡ್ರಿ ಅಕ್ಕಾರ. ನೇಯಾಕ ಜಾಗಾ ಕೊಟ್ರ ಸಾಕು."

ಅವನ ಹೆಂಡತಿ ಭಾಗವ್ವ ಎರಡು ದಿನ ಕೂತು, ಮಗ್ಗದಲ್ಲಿದ್ದ ಹಳೆಯ ಎಳೆಯೊಂದೊಂದಕ್ಕೂ ಹೊಸ ರೇಷ್ಮೆಯ ಎಳೆ ಹೊಸೆದು ಕೂಡಿಸಿಕೊಟ್ಟಳು. ಆಳುಗಳು ಬಂದು ಮಗ್ಗ ಹೊತ್ತೊಯ್ದರು. ನೆಲದಲ್ಲಿ ಕುಣಿಯೊಂದು ಉಳಿಯಿತು. ನೇಕಾರ ಕಾಲು ಇಳಿಬಿಡುವ ಗುಂಡಿ ಅದು. ಮಗ್ಗದಿಂದ ಅದರೊಳಗೆ ಜೋತಾಡುವ ಮಣೆ ತುಳಿದರೆ ಮಾತ್ರ ಮೇಲೆ ಎಳೆಗಳು ಎರಡು ಪಾಲಾಗಿ ಬಾಯಿ ಬಿಡುತ್ತವೆ, ನಡುವೆ ಅಡ್ಡನೂಲಿನ ಲಾಳಿ ಓಡುತ್ತದೆ.

ವಿಠೋಬಾ ಅದನ್ನು ಮುಚ್ಚಲು ಮಣ್ಣು ತಂದ.

"ಅಲ್ಲಿ ಕುಣಿ ತೋಡ್ಯಾರೋ ಇಲ್ಲೋ ನೋಡಿ ಬರ್ರಿ, ಆಮ್ಯಾಲ ಮುಚ್ಚೀರಂತ," ಅಂದಳು ಭಾಗವ್ವ.

"ಗಿರಿಮಲ್ಲಪ್ಪಣ್ಣ ನನ್ನ ಜೋಡಿ ಮಗ್ಗ ಕಲ್ತಾಂವ. ಅವನ ಮನಿಗೆ ಹೋಗಿ ಕುಣಿ ತೋಡ್ರಿ ಅಂತ ಹೇಳ್ಲೇನು? ಮರ್ಯಾದಿ ಇರಬೇಕ ಬೇ."

ಅಡುಗೆ ಬಲ್ಲವರಿಗೆ ಒಲೆಗೆ ಬೆಂಕಿ ಬೇಕು ಎಂದು ಹೇಳಿಕೊಟ್ಟ ಹಾಗಾಗುತ್ತದೆ ಎಂದು ಅವನ ಸಂಕೋಚ. ಆ ಸಂಕೋಚವೇ ಅವನನ್ನು ಹಾಳುಮಾಡಿತು. ಕುಣಿ ಮುಚ್ಚಿ ಸಾರಿಸಿಯೂ ಆಯಿತು.

ವಾಸ್ತುಶಾಂತಿಯ ದಿನ ಅವನು ಮಡಿ ಧೋತರ ಉಟ್ಟು ಬನಹಟ್ಟಿಗೆ ಹೋದ. ಮಗ್ಗ ಝೂಮರಿನ ಕೆಳಗೆ ವಾರ್ನಿಶ್ ಬಳಿದುಕೊಂಡು ಮಿರಿಮಿರಿ ಮಿಂಚುತ್ತಿತ್ತು. ಅದರ ಬುಡದಲ್ಲಿ ಕಪ್ಪು ಬಿಳುಪಿನ ಅಮೃತಶಿಲೆ. ವಿಠೋಬಾ ಬಗ್ಗಿ ಅಂಗೈಯಿಂದ ನೆಲ ಸವರಿ ನೋಡಿದ. ಎಲ್ಲಿಯೂ ಬಿರುಕಿಲ್ಲ.

"ಅಕ್ಕಾರ, ಕುಣಿ ಎಲ್ಲೈತ್ರಿ?"

"ಯಾವ ಕುಣಿ?"

"ಕಾಲು ಇಳಿಬಿಡಾಕ್ರಿ. ತುಳಿಯೋ ಮಣಿನೂ ಕಾಣವಲ್ದು."

"ಕೆಳಗ ಜೋತಾಡತಿದ್ದವಲ್ಲ, ಅವನ್ನ ಬಡಗ್ಯಾ ತಗದಾನ. ಅಯ್ಯ ಕಾಕಾ, ಇಟಾಲಿಯನ್ ಮಾರ್ಬಲ್ ಒಡಿಯಾಕ ಆಕ್ಕತೇನು?" ಎಂದು ನಕ್ಕು ಅವಳು ಬೀಗರನ್ನು ಎದುರುಗೊಳ್ಳಲು ಹೋದಳು.

ಸೋಫಾದ ಮೇಲೆ ಗಿರಿಮಲ್ಲಪ್ಪ ಕೂತಿದ್ದ. ವಿಠೋಬಾ ಅವನ ಹತ್ತಿರ ಹೋದ. ಬಗ್ಗಿ, ದನಿ ತಗ್ಗಿಸಿ ಕೇಳಿದ.

"ಅಣ್ಣಾರ, ನಿಮಗರ ಗೊತ್ತಿತ್ತಲ್ರಿ, ಕುಣಿ ಇಲ್ದ ನೇಯಾಕ ಬರಂಗಿಲ್ಲ ಅಂತ."

ಗಿರಿಮಲ್ಲಪ್ಪ ಕನ್ನಡಿಯ ಕಡೆ ನೋಡಿದ. "ಗೊತ್ತಿತ್ತಪಾ. ಇದು ನೇಯಾಕಲ್ಲ, ನೋಡಾಕ ಅಂತ ನಿನಗೂ ಗೊತ್ತೈತಿ ಅನ್ಕೊಂಡಿದ್ದೆ."

ವಿಠೋಬಾನಿಗೆ ಅಳು ಬಂತು, ನಾಚಿಕೆಯೂ ಬಂತು. ಇವರು ಮೋಸ ಮಾಡಿದರು ಎನ್ನೋಣವೆಂದರೆ ಯಾರೂ ಸುಳ್ಳು ಹೇಳಿರಲಿಲ್ಲ.

"ಕಾಕಾ, ಬರ್ರಿ, ಎಲ್ಲಾರೂ ಕಾಯಾಕತ್ತಾರ," ಶೈಲಾ ಕರೆದಳು. ಇಷ್ಟು ಜನರ ಮುಂದೆ ಒಲ್ಲೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತಣ್ಣನೆಯ ಕಲ್ಲಿನ ಮೇಲೆ ಕಾಲು ಮಡಚಿ ಕೂತು ಲಾಳಿ ಎಸೆದ. ಬಾಯಿ ಬಿಡದ ರೇಷ್ಮೆಯ ಮೇಲೆ ಅದು ಜಾರಿಕೊಂಡು ಹೋಗಿ ಆಚೆ ನೆಲಕ್ಕೆ ಬಿತ್ತು. ಮಂದಿ ಚಪ್ಪಾಳೆ ತಟ್ಟಿದರು.

"ಫೋಟೋದಾಗ ಸರಿ ಬಂದಿಲ್ಲಂತ ಕಾಕಾ, ಇನ್ನೊಮ್ಮೆ ಒಗೀರಿ," ಅಂದಳು ಶೈಲಾ.

ಅವನು ಎದ್ದು ಹೋಗಿ ಲಾಳಿ ತಂದು, ಇನ್ನೊಮ್ಮೆ ಎಸೆದ.