ಪೆಟ್ಟಿಗೆ ಕರೆದ ಹೆಸರು

ಶನಿವಾರ ಸಂಜೆ ಸುಪ್ರಜಾ ತವರಿಗೆ ಬಂದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದುದು ಮನೆಯ ಟಿ.ವಿ. ಆಕೆ ಸಿರುಗುಪ್ಪದಲ್ಲಿ ಶಾಲಾ ಶಿಕ್ಷಕಿ. ಗಂಡನ ಮನೆಯೂ ಅಲ್ಲಿಯೇ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ, ಬಳ್ಳಾರಿಯಲ್ಲಿ ಇಳಿದು, ಕೋಟೆ ಗುಡ್ಡದ ಬುಡದಲ್ಲಿರುವ ಆ ಓಣಿಗೆ ಆಟೊದಲ್ಲಿ ಬರುವಳು. ಆಕೆ ಇನ್ನೂ ಚಪ್ಪಲಿ ಬಿಟ್ಟಿರುತ್ತಿರಲಿಲ್ಲ, ಬಾಗಿಲ ಅಗಳಿ ಸಪ್ಪಳವಾಗಿರುತ್ತಿರಲಿಲ್ಲ, ಅಷ್ಟರಲ್ಲೇ ಒಳಗಿನ ಕೋಣೆಯಿಂದ ಒಂದು ಹೆಣ್ಣುದನಿ, ಓದಿ ಒಪ್ಪಿಸುವ ಹುಡುಗಿಯ ಹಾಗೆ, “ಸುಪ್ರಜಾ. ಸಂಪರ್ಕಗೊಂಡಿದೆ” ಎನ್ನುತ್ತಿತ್ತು.

ಆ ಮನೆಗೆ ಇಂಟರ್ನೆಟ್ಟಿನ ತಂತಿ ಇರಲಿಲ್ಲ. ಟಿ.ವಿ.ಯ ಕೆಳಗೆ ಅಂಗೈಯಗಲದ ಒಂದು ಕರಿಯ ಪೆಟ್ಟಿಗೆಯನ್ನು ಸುಪ್ರಜಾಳೇ ತಂದು ಇಟ್ಟಿದ್ದಳು. ಆಕೆ ತನ್ನ ಹೆಸರನ್ನೇ ಇಟ್ಟಿದ್ದ ಫೋನಿನ ಹಾಟ್‌ಸ್ಪಾಟ್ ತೆರೆದಿಟ್ಟರೆ ಪೆಟ್ಟಿಗೆ ಅದರ ಗುರುತು ಹಿಡಿದು ತಾನಾಗಿಯೇ ಕೂಡಿಕೊಂಡು, ಮಠದ ಪೂಜೆಯನ್ನೂ ಪುರಾಣ ಪ್ರವಚನವನ್ನೂ ಮನೆಯೊಳಗೆ ತರುತ್ತಿತ್ತು. ತಾಯಿ ಲಕ್ಷ್ಮೀಬಾಯಿಯವರಿಗೆ ಕಣ್ಣು ಕಾಣದು. ಆದುದರಿಂದ ಪರದೆಯ ಮೇಲೆ ಬಂದ ಬರಹವನ್ನೆಲ್ಲ ಪೆಟ್ಟಿಗೆಯೇ ಓದಿ ಹೇಳುವಂತೆ ಮಗಳು ಏರ್ಪಾಡು ಮಾಡಿದ್ದಳು.

“ಬಂದಳು ನೋಡು ರಾಣಿ! ಜಂಬಮ್ಮಾ, ಬಾಗಲಾಗ ನೀರಿಡು” ಎಂದು ಮಲಗಿದಲ್ಲಿಂದಲೇ ಮುದುಕಿ ಕೂಗುವರು.

“ಇಟ್ಟೀನ್ರಿ ಅಮ್ಮಾರ. ಆ ಪೆಟ್ಟಿಗಿ ಒದರತೈತಿ, ನೀವೂ ಒದರತೀರಿ. ನಾ ಒಬ್ಬಾಕಿ ಯಾರ ಮಾತು ಕೇಳ್ಲಿ?” ಎನ್ನುತ್ತ ಮನೆಗೆಲಸದ ಜಂಬಮ್ಮ ಹಿತ್ತಾಳೆಯ ಚೊಂಬನ್ನು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಇಡುವಳು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದು. ಅದು ಆ ಮನೆಯ ನೇಮ.

“ಅಮ್ಮನ ಮುಂದ ಯಾರಾರ ದನಿ ಎತ್ತೂದುಂಟೇನು? ಈ ಪೆಟ್ಟಿಗಿ ಒಂದು ಎತ್ತತದ” ಎಂದು ಸುಪ್ರಜಾ ಅಣ್ಣನನ್ನು ಕೆಣಕುವಳು.

“ನೀನೂ ಎತ್ತತೀಯಲ್ಲ” ಎಂದು ಅಣ್ಣ ಮಧುಸೂದನರಾಯರು ನಗುವರು.

ರಾಯರು ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾಗಿ, ಈಗ ಜೀನ್ಸ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಬರವಣಿಗೆ ಕೆಲಸ ನೋಡುತ್ತಿದ್ದರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಮಕ್ಕಳಿಲ್ಲ. ತಾಯಿ, ತಂಗಿ, ದೇವರ ಪೂಜೆ, ಇಷ್ಟೇ ಅವರ ಸಂಸಾರ.

ಕಾರ್ತಿಕ ಮಾಸದಲ್ಲಿ ಲಕ್ಷ್ಮೀಬಾಯಿಯವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು, “ಎದೆ ಬಹಳ ದುರ್ಬಲ ಅದ ರಾಯರೇ. ಗಾಬರಿಯಾಗೋ ಸುದ್ದಿ ಏನೂ ಕಿವಿಗೆ ಹಾಕಬ್ಯಾಡ್ರಿ” ಎಂದಿದ್ದರು. ಆ ಮಾತಿನ ತೇವ ಆರುವ ಮೊದಲೇ ಸಿರುಗುಪ್ಪದಿಂದ ಸುಪ್ರಜಾಳ ಗಂಡ ಸುಶಮೀಂದ್ರನ ಫೋನು ಬಂತು. ಜ್ವರವೆಂದು ಮಲಗಿದ್ದ ಸುಪ್ರಜಾ ಏಳಲಿಲ್ಲ.

ರಾಯರು ತಾಯಿಗೆ, “ಕಾರ್ಖಾನಿ ಕೆಲಸ ಅದ, ಹೋಗಿ ಬರ್ತೀನಿ” ಎಂದು ಹೇಳಿ ಹೋದರು. ತುಂಗಭದ್ರೆಯ ದಂಡೆಯಲ್ಲಿ ತಂಗಿಯನ್ನು ಬೆಂಕಿಗೆ ಒಪ್ಪಿಸಿ, ಅದೇ ನೀರಲ್ಲಿ ಮುಳುಗಿ, ಒದ್ದೆ ಮೈಯಲ್ಲೇ ಬಸ್ಸು ಹತ್ತಿ ಬಂದರು. ದಾರಿಯುದ್ದಕ್ಕೂ ಒಂದೇ ಯೋಚನೆ: ತಾಯಿಗೆ ಹೇಳಬಾರದು. ಸುಪ್ರಜಾಳ ಅತ್ತೆಗೆ ಆರೈಕೆ ಬೇಕಾಗಿದೆ, ಕೆಲವು ವಾರ ಬರಲಾರಳು, ಆಕೆಯ ಫೋನೂ ಕೆಟ್ಟಿದೆ ಎಂದರಾಯಿತು.

ಹಾಗೆಯೇ ಹೇಳಿದರು. ಲಕ್ಷ್ಮೀಬಾಯಿಯವರು ಮುಖವನ್ನು ದನಿಯತ್ತ ತಿರುಗಿಸಿ ಕೇಳಿಸಿಕೊಂಡು, “ಹೌದೇನು” ಎಂದಷ್ಟೇ ಅಂದರು.

ಜಂಬಮ್ಮನಿಂದ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿದ್ದಾಯಿತು. ಸಾವಿನ ಸುದ್ದಿ ಕೇಳಿ ಮಾತಾಡಿಸಲು ಬಂದವರು ಮನೆಗೆ ಕಾಲಿಡದಂತೆ ನೋಡಿಕೊಳ್ಳಬೇಕಿತ್ತು. ಓಣಿಯ ತುದಿಯಲ್ಲಿ ಹನುಮೇಶನ ಫೋನ್ ರಿಪೇರಿ ಅಂಗಡಿ. ಅದರ ಮುಂದಿನ ಬಾಕಿನ ಮೇಲೆ ರಾಯರು ಕೂತು ಬಂದವರನ್ನೆಲ್ಲ ಅಲ್ಲಿಯೇ ಎದುರುಗೊಂಡರು. ಒಂದು ಕಡೆ ಗಿರಾಕಿಗಳು ಗಾಜು ಒಡೆದ ಫೋನು ಹಿಡಿದು ನಿಂತರೆ, ಇನ್ನೊಂದು ಕಡೆ ಬಂಧುಗಳು ಕಣ್ಣೊರೆಸಿಕೊಂಡು ನಿಲ್ಲುವರು. ಹನುಮೇಶ ಹಾಡಿನ ಪೆಟ್ಟಿಗೆ ಆರಿಸಿ, ಬಂದವರಿಗೆ ನೀರು ಕೊಟ್ಟ. ಗುಟ್ಟನ್ನು ಅವನೂ ಬಿಟ್ಟುಕೊಡಲಿಲ್ಲ.

ಮನುಷ್ಯರಿಗೆ ಸುಳ್ಳು ಹೇಳಬಹುದು; ದೇವರಿಗೆ ಹೇಳುವುದು ಹೇಗೆ? ಕೊಟ್ಟ ಹೆಣ್ಣಾದರೂ ಒಡಹುಟ್ಟಿದವಳು. ಅಣ್ಣನಿಗೆ ಸೂತಕ ತಪ್ಪದು. ಸೂತಕದ ಕೈಯಿಂದ ಸಾಲಿಗ್ರಾಮ ಮುಟ್ಟಲಾಗದು. ರಾಯರು ದೇವರ ಸಂಪುಟವನ್ನು ಪಕ್ಕದ ಓಣಿಯ ಆಚಾರ್ಯರ ಮನೆಗೆ ಸದ್ದಿಲ್ಲದೆ ಕಳುಹಿಸಿ, ತಾಯಿಗೆ “ಬೆನ್ನು ಹಿಡಿದದ ಅಮ್ಮಾ” ಎಂದರು. ದಿನವೂ ಸಂಜೆ ತಾಯಿಯ ಕಾಲು ಒತ್ತುತ್ತಿದ್ದವರು, ಸೂತಕ ಕಳೆಯುವ ತನಕ ಹಾಸಿಗೆಯ ಬಳಿ ಸುಳಿಯಲಿಲ್ಲ. ಸುದ್ದಿ ಕಿವಿಗೆ ಬೀಳುವ ತನಕ ತಾಯಿಗೆ ಮೈಲಿಗೆ ಇಲ್ಲ. ಮೈಲಿಗೆಯಾದ ತಾನು ಆಕೆಯನ್ನು ಮುಟ್ಟುವುದು ಹೇಗೆ? ಗಂಜಿ, ಔಷಧ ಎಲ್ಲವೂ ಜಂಬಮ್ಮನ ಕೈಯಲ್ಲೇ ನಡೆದವು. ಸೂತಕ ಕಳೆದ ಮೇಲೆ ದೇವರು ಮನೆಗೆ ಬಂದರು, ಗಂಟೆಯ ಸಪ್ಪಳ ಮತ್ತೆ ಕೇಳಿಸಿತು. ಬೆನ್ನುನೋವಿನ ಮಾತನ್ನು ತಾಯಿ ನಂಬಿದರೆಂದೇ ರಾಯರು ತಿಳಿದರು.

ಧನುರ್ಮಾಸ ಬಂತು. ನಸುಕಿನ ಪೂಜೆ ಮುಗಿಸಿ ಹುಗ್ಗಿಯ ನೈವೇದ್ಯ ತಂದು ತಾಯಿಯ ಬಾಯಿಗೆ ಇಟ್ಟರೆ ಆಕೆ ನಾಲಗೆಗೆ ಸೋಕಿಸಿ ಸಾಕೆನ್ನುವರು. ಮಾತು ಕಡಿಮೆಯಾಯಿತು. ಸುಪ್ರಜಾ ಎಂದು ಬರುತ್ತಾಳೆಂದು ಒಂದು ದಿನವೂ ಕೇಳಲಿಲ್ಲ. ಶನಿವಾರ ಸಂಜೆ ಮಾತ್ರ, ಟಿ.ವಿ. ಇರುವ ಕಡೆ ಕಿವಿ ಮಾಡಿ ಮಲಗಿರುವರು. ಪೆಟ್ಟಿಗೆ ಮೂಕವಾಗಿತ್ತು.

“ಅಮ್ಮಾರು ದಿನಾ ಕರಗಾಕ ಹತ್ಯಾರ್ರಿ ಸಾಹೇಬ್ರ. ಆ ಟಿ.ವಿ.ಯಾಗಿನ ಪುರಾಣಾರ ಕೇಳಿದ್ರ ಒಂದು ತುತ್ತು ಉಂಡಾರು” ಎಂದಳು ಜಂಬಮ್ಮ.

ರಾಯರಿಗೂ ಅದೇ ಸರಿ ಎನಿಸಿತು. ತಾಯಿ ಸೊರಗುತ್ತಿರುವುದು ಪ್ರವಚನವಿಲ್ಲದ್ದಕ್ಕೆ ಎಂದು ಅವರು ನಂಬಿದರು. ನಂಬಲು ಅದು ಹಗುರವಾದ ಕಾರಣವಾಗಿತ್ತು. ಒಂದು ಶನಿವಾರ ಕಾರ್ಖಾನೆಯಿಂದ ಮರಳುವಾಗ ಹನುಮೇಶನ ಬಾಕಿನ ಮೇಲೆ ಕೂತು ತಮ್ಮ ಫೋನನ್ನು ಮುಂದಿಟ್ಟರು.

“ಇದರಿಂದ ಆ ಪೆಟ್ಟಿಗಿಗೆ ಇಂಟರ್ನೆಟ್ಟು ಕೊಡಬಹುದೇನಪಾ?”

“ಯಾಕಾಗೂದಿಲ್ರಿ ಸರ? ಆದ್ರ ಅದು ಹೊಸಾ ಹೆಸರು ಕಂಡ್ರ ತಾನಾಗೇ ಕೂಡೂದಿಲ್ಲ. ಮನಿಗೆ ಬಂದು ಒಂದ್ಸಲ ಪೆಟ್ಟಿಗ್ಯಾಗ ನಿಮ್ಮ ಹೆಸರು ಹಾಕಿಕೊಡ್ತೀನಿ.” ಹನುಮೇಶ ಸ್ವಲ್ಪ ತಡೆದು, “ಇಲ್ಲಾಂದ್ರ ಅಕ್ಕಾರ ಫೋನಿಗೆ ಏನು ಹೆಸರಿತ್ತು, ಏನು ಪಾಸ್‌ವರ್ಡ್ ಇತ್ತು, ಅವೆರಡನ್ನೂ ನಿಮ್ಮ ಫೋನಿಗೆ ಇಟ್ರ ಆತು. ಪೆಟ್ಟಿಗಿಗೆ ಮನಷಾರ ಗುರ್ತು ಇಲ್ರಿ. ಹೆಸರು, ಗುಟ್ಟು ಎರಡೂ ಕೂಡಿದ್ರ ಅಕ್ಕಾರೇ ಬಂದಾರ ಅಂತ ತಿಳೀತೈತಿ” ಎಂದ.

ರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಮ್ಮ ಹೆಸರು ಹಾಕಿಸಿದರೆ ಪೆಟ್ಟಿಗೆ “ಮಧುಸೂದನ” ಎನ್ನುತ್ತದೆ. ತಾಯಿ ಕೇಳಿದರೆ ಹೊಸ ಸುಳ್ಳು ಹುಡುಕಬೇಕು. ತಂಗಿಯ ಹೆಸರಿಟ್ಟರೆ ಆ ತೊಂದರೆಯಿಲ್ಲ. ಫೋನು ರಿಪೇರಿಯಾಯಿತು, ನನ್ನ ಕೈಯಲ್ಲಿ ಕೊಟ್ಟು ಕಳುಹಿಸಿದ್ದಾಳೆ ಎನ್ನಬಹುದು. ಹೀಗೆಲ್ಲ ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಒಳಗಿನ ಮಾತು ಬೇರೆಯೇ ಇತ್ತು. ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದು ಎಷ್ಟು ದಿನವಾಯಿತು!

ಸಿರುಗುಪ್ಪಕ್ಕೆ ಫೋನು ಮಾಡಿದರು. ಸುಶಮೀಂದ್ರ ಹೆಂಡತಿಯ ಫೋನು ತೆರೆದು ನೋಡಿ, “ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಾಗ ಕುರುಗೋಡು ಅಂತ ಅದ ಭಾವಾ, ಅಷ್ಟೇ” ಎಂದ. ರಾಯರು ಫೋನಿಟ್ಟರು. ಕುರುಗೋಡು ಲಕ್ಷ್ಮೀಬಾಯಿಯವರ ತವರೂರು.

ಹನುಮೇಶ ಎಲ್ಲವನ್ನೂ ಹೊಂದಿಸಿ ಕೊಟ್ಟ. ರಾಯರು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮನೆಯ ಕಡೆ ನಡೆದರು. ಮನೆಯಲ್ಲಿ ಪೆಟ್ಟಿಗೆ ಎಂದಿನಂತೆ ಹಚ್ಚಿಯೇ ಇದೆ, ತಾವು ಒಳಗೆ ಹೋಗಿ ಮಾತು ಹೇಳುವ ಮೊದಲೇ ಅದು ಮಾತಾಡೀತು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಬಾಗಿಲ ಮುಂದೆ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೇಳಿಸಿತು:

“ಸುಪ್ರಜಾ. ಸಂಪರ್ಕಗೊಂಡಿದೆ.”

ರಾಯರ ಕೈ ಬಾಗಿಲ ಮೇಲೆಯೇ ನಿಂತಿತು. ಅಡಿಗೆ ಮನೆಯಲ್ಲಿ ಜಂಬಮ್ಮನ ಕೈಯಿಂದ ಪಾತ್ರೆ ಬಿತ್ತು. ಈಗ “ಬಂದಳು ನೋಡು ರಾಣಿ” ಎಂಬ ಮಾತು ಬರುತ್ತದೆಂದು ಅವರು ಕಾದರು.

ಬರಲಿಲ್ಲ. ತಾಯಿಯ ದನಿ, ಬತ್ತಿದ ಬಾವಿಯೊಳಗಿನಿಂದ ಬಂದ ಹಾಗೆ, “ಬಾ ಮಧೂ. ಯಾಕ ನಿಂತಿ? ಕಾಲು ತೊಳಕೊ” ಎಂದಿತು.

ರಾಯರು ಒಳಗೆ ಬಂದು ಹಾಸಿಗೆಯ ಬಳಿ ಕೂತರು.

“ಫೋನಿಗೆ ಆಕಿ ಹೆಸರಿಟ್ಟಿಯೇನು?”

ರಾಯರು ಫೋನನ್ನು ಜೇಬಿನಿಂದ ತೆಗೆದು ಹಾಸಿಗೆಯ ಮೇಲಿಟ್ಟರು.

“ಹೆಸರು, ಗುಟ್ಟು ಎರಡೂ ಹೊಂದಿದರ ಇದು ಯಾರನ್ನಾದರೂ ಒಳಗ ಬಿಡತದಮ್ಮಾ ಅಂತ ಆಕಿನೇ ಹೇಳಿದ್ದಳು. ನನ್ನ ತವರೂರಿನ ಹೆಸರು ಗುಟ್ಟಿಗೆ ಇಡ್ತೀನಿ ಅಂದಳು. ಮಧೂ, ಇದು ಕೂಗಿತಲ್ಲ, ಒಂದು ಗಳಿಗಿ ನನ್ನ ಎದಿ ಹಾರಿತು. ಗೊತ್ತಿದ್ದೂ ಹಾರಿತು. ಆಕಿನೇ ಬಂದಳು, ನಾನೇ ತಪ್ಪು ತಿಳಿದಿದ್ದೆ ಅಂದುಕೊಂಡೆ. ಅಷ್ಟರಾಗ ನಿನ್ನ ಚಪ್ಪಲಿ ಸಪ್ಪಳ ಕೇಳ್ತು.”

“ಅಮ್ಮಾ, ನಿನಗ ಗೊತ್ತಿತ್ತೇನು?”

“ಗಂಟಿ ನಿಂತಿತಲ್ಲೋ! ಮೈ ಸುಡೋ ಜ್ವರದಾಗೂ ತಂಬಿಗಿ ನೀರು ಸುರಕೊಂಡು ಪೂಜಾ ಮಾಡಿದಾವ ನೀನು. ಬೆನ್ನು ಹಿಡಿದರ ದೇವರನ್ನ ಬಿಡ್ತಿಯಾ? ನನ್ನ ಕಾಲು ಮುಟ್ಟಲಿಲ್ಲ. ದೂರ ಕೂತು ಮಾತಾಡಿದಿ. ಕಣ್ಣಿಲ್ಲ ಅಂದರ ನನಗ ಸೂತಕ ತಿಳೀಲಾರದಷ್ಟು ಮರವು ಬಂದದೇನು? ಆಕಿನ್ನ ಬಿಟ್ಟರ ನಮ್ಮೊಳಗ ಇನ್ಯಾರಿದ್ದರು, ನೀನು ಆ ಪರಿ ದೂರ ಕೂಡೋದಕ್ಕ?”

“ಮತ್ತ ಯಾಕ ಕೇಳಲಿಲ್ಲ?”

“ನೀ ಹೇಳಲಿ ಅಂತ ಕಾದೆ. ನಾ ಕೇಳಿದರ ನೀ ಹೇಳಬೇಕಾಗತದ. ನೀ ಹೇಳದ ತನಕ ಎಲ್ಲೋ ಇದ್ದಾಳ ಅನ್ನಬಹುದು. ಅಳಲಿಕ್ಕೂ ಆಗಲಿಲ್ಲ ಮಧೂ. ನಾ ಅತ್ತರ ನೀನು ಡಾಕ್ಟರನ್ನ ಕರೀತಿ. ಕಿವಿಗೆ ಬೀಳದ ಸಾವಿಗೆ ಸ್ನಾನ ಇಲ್ಲ. ಹಡೆದಾಕಿ ನಾನು, ಮಗಳು ಹೋದರ ನನ್ನ ತಲಿ ಮ್ಯಾಲ ಒಂದು ಚೊಂಬು ನೀರು ಬೀಳಲಿಲ್ಲ.” ಆಕೆ ಕೈ ಚಾಚಿ ಮಗನ ಮುಖ ತಡವಿದರು. “ಇನ್ನ ಹೇಳು. ಬಾಯಿಬಿಟ್ಟು ಹೇಳು.”

ವೈದ್ಯರ ಮಾತು ನೆನಪಾಯಿತು. ತಾಯಿಯ ಎದೆ ಕಾಯುವ ನೆಪದಲ್ಲಿ ಆಕೆಯ ದುಃಖವನ್ನೇ ಕಸಿದುಕೊಂಡಿದ್ದೆನೆಂಬುದು ರಾಯರಿಗೆ ಆ ಹೊತ್ತಿಗೆ ತಿಳಿಯಿತು. ಅವರು ತಾಯಿಯ ಕೈ ಹಿಡಿದು, “ಅಮ್ಮಾ, ಸುಪ್ರಜಾ ಹೋದಳು. ಕಾರ್ತಿಕ ಬಹುಳ ದಶಮಿ ದಿನ” ಎಂದರು.

“ಶ್ರೀಹರಿ” ಎಂದರು ಲಕ್ಷ್ಮೀಬಾಯಿ. “ಸೂತಕದ ದಿನ ಮೀರಿ ಕೇಳಿದವರಿಗೆ ಬರೇ ಸ್ನಾನ. ಏಳಸು ನನ್ನ.”

ಜಂಬಮ್ಮ, ರಾಯರು ಕೂಡಿ ಆಕೆಯನ್ನು ಬಚ್ಚಲಿನ ಕುರ್ಚಿಯಲ್ಲಿ ಕೂರಿಸಿದರು. ನೀರು ಬೆಚ್ಚಗೆ ಮಾಡಿದ್ದಕ್ಕೆ ಆಕೆ ಬೈದರು, ತಣ್ಣೀರೇ ಆಗಬೇಕೆಂದರು. ರಾಯರು ಕೇಳಲಿಲ್ಲ. ಮೊದಲ ಚೊಂಬು ತಲೆಯ ಮೇಲೆ ಬಿದ್ದಾಗ ಆಕೆ ಬಿಗಿಹಿಡಿದು ಕೂತಿದ್ದರು. ಇನ್ನೊಂದು ಸುರಿದಾಗ ಬಾಯಿ ತೆರೆಯಿತು. ಆಮೇಲೆ ಬಂದ ಅಳುವನ್ನು ಓಣಿಯವರೆಲ್ಲ ಕೇಳಿದರು. ಅಂಗಡಿಯಲ್ಲಿ ಹನುಮೇಶ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಎದ್ದು ನಿಂತ. ಜಂಬಮ್ಮ ಒದ್ದೆ ಸೀರೆಯ ಸಮೇತ ಮುದುಕಿಯನ್ನು ತಬ್ಬಿಕೊಂಡು ತಾನೂ ಅತ್ತಳು. ರಾಯರು ನೀರು ಸುರಿಯುತ್ತಲೇ ಇದ್ದರು, ಹಂಡೆ ಬರಿದಾಗುವ ತನಕ.

ಒಣಗಿದ ಸೀರೆ ಉಟ್ಟು ಮಲಗಿದ ಮೇಲೆ ಆಕೆ ಒಂದೇ ಮಾತು ಹೇಳಿದರು: “ಆ ಹೆಸರು ತೆಗೆದುಬಿಡು. ಹೋಗೋರನ್ನ ಹಿಂದಿನಿಂದ ಕೂಗಬಾರದು.”

ಮರುದಿನ ಹನುಮೇಶ ಮನೆಗೇ ಬಂದು ಫೋನಿನ ಹೆಸರು ಬದಲಿಸಿ, ಪೆಟ್ಟಿಗೆಗೂ ತಿಳಿಸಿಕೊಟ್ಟ. ಗುಟ್ಟು ಮಾತ್ರ ಕುರುಗೋಡು ಎಂದೇ ಇರಲಿ ಎಂದರು ರಾಯರು. ಮುದುಕಿ ಆ ದಿನ ಹುಗ್ಗಿಯನ್ನು ಅರ್ಧ ಬಟ್ಟಲು ಉಂಡರು. ವೈದ್ಯರು ಹೆದರಿಸಿದ ಹಾಗೆ ಎದೆ ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು ಎಂದು ಆಕೆಯೇ ಒಮ್ಮೆ ಅಂದರು. ರಾಯರು ಕೇಳದವರ ಹಾಗೆ ಕಾಲು ಒತ್ತುತ್ತಿದ್ದರು.

ಮುಂದಿನ ಶನಿವಾರ ಸಂಜೆ ರಾಯರು ಓಣಿಯಲ್ಲಿ ಬರುವಾಗ ಪೆಟ್ಟಿಗೆ ಅವರ ಹೆಸರು ಹೇಳಿತು. ಕಾಲು ತೊಳೆಯಲೆಂದು ಅವರು ನಲ್ಲಿಯ ಕಡೆ ತಿರುಗಿದರು. ಯಾವಾಗಲೂ ಅಲ್ಲಿಯೇ ತೊಳೆಯುವುದು ಅವರ ರೂಢಿ. ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಹಿತ್ತಾಳೆಯ ಚೊಂಬು, ತುಂಬ ನೀರು, ಇಟ್ಟಿತ್ತು. ಪೆಟ್ಟಿಗೆಯ ದನಿ ಕೇಳಿದೊಡನೆ, ಸುಪ್ರಜಾಳಿಗೆ ಇಡುವ ರೂಢಿಯ ಕೈಯಿಂದ ಇಟ್ಟುಬಿಟ್ಟಿದ್ದ ಜಂಬಮ್ಮ, ಈಗ ತಿಳಿದು, ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

“ಇರಲಿ” ಎಂದರು ಲಕ್ಷ್ಮೀಬಾಯಿ ಒಳಗಿನಿಂದ. ಚೊಂಬು ಕಲ್ಲಿಗೆ ತಾಗಿದ ಸಪ್ಪಳ ಅವರಿಗೆ ಕೇಳಿಸಿತ್ತು.

ಆ ನೀರನ್ನು ಯಾರೂ ಮುಟ್ಟಲಿಲ್ಲ. ಒಳಗೆ ಪ್ರವಚನ ನಡೆಯಿತು. ಮರುದಿನ ನಸುಕಿನಲ್ಲಿ ಸ್ನಾನ ಮಾಡಿ ಬಂದ ರಾಯರು ಚೊಂಬನ್ನು ಎತ್ತಿಕೊಂಡು ಹೋಗಿ ನೀರನ್ನು ತುಳಸಿಗೆ ಹಾಕಿ, ಒಳಗೆ ಬಂದು ಗಂಟೆ ಬಾರಿಸಿದರು.